ಗ್ರಾಮಫೋನಿನ ಗಂಟಲಿಗೆ ವಾಲ್ ಟ್ಯೂಬ್

ತಿಪಟೂರಿನ ದೊಡ್ಡಪ್ಪನ ಮನೆ ಮಾರುವಾಗ ಅಟ್ಟದ ಮೇಲಿದ್ದ ಕೊಂಬಿನ ಗ್ರಾಮಫೋನ್ ನನ್ನ ಪಾಲಿಗೆ ಬಂತು. ಬೇರೆ ಯಾರಿಗೂ ಅದು ಬೇಕಿರಲಿಲ್ಲ. ಕೀಲಿ ಕೊಟ್ಟರೆ ತಟ್ಟೆ ಸಲೀಸಾಗಿ ತಿರುಗುತ್ತಿತ್ತು. ಕೊಂಬಿನಲ್ಲಿ ಒಂದೆರಡು ನೆಗ್ಗು ಬಿಟ್ಟರೆ ಊನವಿರಲಿಲ್ಲ. ಆದರೆ ಪ್ಲೇಟಿನ ಮೇಲೆ ಮುಳ್ಳು ಇಟ್ಟೆವೋ, ಬಿ.ಎಸ್. ರಾಜಯ್ಯಂಗಾರರ ‘ಜಗದೋದ್ಧಾರನ’ ಬೆಂಕಿಪೊಟ್ಟಣದೊಳಗೆ ಜೀರುಂಡೆ ಸಿಕ್ಕಿಕೊಂಡಂತೆ ಕೇಳುತ್ತಿತ್ತು. ತೋರಿಸಿದ ಮೊದಲ ರಿಪೇರಿಯವರು ‘ಪ್ಲೇಟು ಸವೆದಿದೆ’ ಅಂದರು. ಎರಡನೆಯವರು ಸ್ಪ್ರಿಂಗ್ ಬದಲಿಸಬೇಕು ಅಂದರು, ಅದಕ್ಕೊಂದು ದೊಡ್ಡ ರೇಟನ್ನೂ ಹೇಳಿದರು. ಕಾಯಿಲೆ ಇದ್ದದ್ದು ಇವೆರಡರಲ್ಲೂ ಅಲ್ಲ, ಎರಡು ರಬ್ಬರ್ ಬಳೆಗಳಲ್ಲಿ.

ಮುಳ್ಳು ಸಿಕ್ಕಿಸುವ ದುಂಡನೆಯ ಡಬ್ಬಿಗೆ ಸೌಂಡ್ ಬಾಕ್ಸ್ ಎನ್ನುತ್ತಾರೆ. ನನ್ನದರಲ್ಲಿರುವುದು ‘ಎಕ್ಸಿಬಿಷನ್’ ಎಂಬ ಮಾದರಿ. ಕಳೆದ ಶತಮಾನದ ಮೊದಲ ಎರಡು ದಶಕಗಳಲ್ಲಿ ಅಮೆರಿಕದ ವಿಕ್ಟರ್ ಕಂಪನಿಯೂ ನಮ್ಮಲ್ಲಿ ‘ನಾಯಿ ಮಾರ್ಕು’ ಎಂದೇ ಹೆಸರಾದ ಎಚ್ಎಂವಿಯೂ ಇದನ್ನೇ ಬಳಸಿದವು. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿದರೆ ಒಳಗೆ ಕಾಗೆಬಂಗಾರದ ತೆಳ್ಳನೆಯ ಬಿಲ್ಲೆ. ಅಭ್ರಕ, ಮೈಕಾ ಎಂದರೂ ಅದೇ. ಬಿಲ್ಲೆಯ ಮುಂದೊಂದು, ಹಿಂದೊಂದು ರಬ್ಬರ್ ಕೊಳವೆಯ ಬಳೆ. ಮುಳ್ಳು ಗೀರಿನಲ್ಲಿ ಎಡಕ್ಕೂ ಬಲಕ್ಕೂ ಅಲುಗಿದಂತೆ, ಮುಳ್ಳು ಹಿಡಿದ ಕಡ್ಡಿ ಏತದ ಮರದ ಹಾಗೆ ಆಡಿ ಬಿಲ್ಲೆಯ ನಡುವನ್ನು ತಳ್ಳುತ್ತದೆ, ಎಳೆಯುತ್ತದೆ. ಹಾಡು ಹುಟ್ಟುವುದು ಅಲ್ಲಿ. ಕೊಂಬು ಅದನ್ನು ದೊಡ್ಡದು ಮಾಡುತ್ತದೆ, ಅಷ್ಟೆ. ಬಿಲ್ಲೆಯ ಅಂಚಿನಿಂದ ಗಾಳಿ ಸೋರಿದರೆ ತಗ್ಗಿನ ಸ್ವರಗಳು ಮಾಯವಾಗುತ್ತವೆ. ಅಂಚನ್ನು ಬಿಗಿಯಾಗಿ ಅದುಮಿದರೆ ಬಿಲ್ಲೆ ಆಡುವುದೇ ಇಲ್ಲ. ಗಾಳಿ ಬಿಡದೆ, ಹಾಗೆಂದು ಬಿಗಿಯದೆ ಅದನ್ನು ಹಿಡಿದುಕೊಂಡಿರುವ ಕೆಲಸ ಆ ಬಳೆಗಳದು.

ನನ್ನ ಸೌಂಡ್ ಬಾಕ್ಸಿನ ಬಳೆಯನ್ನು ಸೂಜಿಯಿಂದ ಎಬ್ಬಿಸಲು ಹೋದೆ. ಅದು ಬಾಗಲಿಲ್ಲ. ಗಾಜಿನ ಬಳೆಯ ಹಾಗೆ ಪಟಪಟ ಮುರಿದು ಹತ್ತು ಚೂರಾಯಿತು. ಸಾಲದ್ದಕ್ಕೆ ಯಾರೋ ಪುಣ್ಯಾತ್ಮರು ಹಿಂದೊಮ್ಮೆ ಅಂಚಿನ ಸುತ್ತ ದಿಢೀರ್ ಅಂಟು ಸುರಿದಿದ್ದರು.

ರಬ್ಬರು ಕಲ್ಲಾಗುವುದು ಯಾರ ತಪ್ಪೂ ಅಲ್ಲ. ಮರದ ಹಾಲಿನಿಂದ ಬಂದ ರಬ್ಬರು ಬಿಸಿಲಿಗೆ ಅಂಟಂಟು, ಚಳಿಗೆ ಬಿರುಸು. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಹದಕ್ಕೆ ಬರುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಗಂಧಕ ರಬ್ಬರಿನ ಎಳೆಗಳ ನಡುವೆ ಗಂಟು ಹಾಕುತ್ತದೆ, ಅದರಿಂದಲೇ ರಬ್ಬರು ಎಳೆದರೂ ಮತ್ತೆ ಮೊದಲಿನಂತಾಗುತ್ತದೆ. ತೊಂದರೆಯೆಂದರೆ ಈ ಗಂಟು ಹಾಕುವ ಕೆಲಸ ಕಾರ್ಖಾನೆಯಲ್ಲಿ ಮುಗಿಯುವುದಿಲ್ಲ. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು, ಅಟ್ಟದ ಸೆಕೆ ಎಲ್ಲ ಸೇರಿ ದಶಕಗಟ್ಟಲೆ ಎಳೆಗಳನ್ನು ತುಂಡರಿಸುತ್ತ, ಹೊಸ ಗಂಟು ಬಿಗಿಯುತ್ತ ಹೋಗುತ್ತವೆ. ಕೊನೆಗೆ ಬಾಗಲು ಎಡೆಯೇ ಉಳಿಯುವುದಿಲ್ಲ. ನೂರು ವರ್ಷದ ಯಂತ್ರದಲ್ಲಿ ಉಕ್ಕು ಉಳಿದಿರುತ್ತದೆ, ಮರ ಉಳಿದಿರುತ್ತದೆ, ಕಾಗೆಬಂಗಾರವಂತೂ ಭೂಮಿಯಷ್ಟು ಹಳೆಯದು. ರಬ್ಬರು ಮಾತ್ರ ಉಳಿದಿರುವುದಿಲ್ಲ.

ಧ್ವನಿಯಂತ್ರಕ್ಕೂ ರಬ್ಬರಿಗೂ ನಂಟು ಬಹಳ ಹಳೆಯದು. ಹೆನ್ರಿ ವಿಕಮ್ ಎಂಬ ಆಂಗ್ಲ ಬ್ರೆಜಿಲಿನಿಂದ ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ್ದು 1876ರಲ್ಲಿ. ಇಂದು ಸುಳ್ಯ, ಪುತ್ತೂರಿನ ಕಡೆ ಬೆಳಗಿನ ಜಾವ ತೊಗಟೆ ಗೀರಿ ಹಾಲಿಳಿಸುವ ಮರಗಳ ವಂಶ ಅದೇ. ಆ ಬೀಜ ಸಾಗಿಸಿದ ಮರುವರ್ಷವೇ ಎಡಿಸನ್ ಫೋನೋಗ್ರಾಫ್ ಮಾಡಿದ. 1889ರ ನವೆಂಬರಿನಲ್ಲಿ ಸ್ಯಾನ್‌ ಫ್ರಾನ್ಸಿಸ್ಕೊದ ಪಾನಗೃಹವೊಂದರಲ್ಲಿ ಕಾಸು ಹಾಕಿದರೆ ಹಾಡುವ ಯಂತ್ರ ಕೂತಾಗ, ಜನ ಹಾಡು ಕೇಳಿದ್ದು ಡಾಕ್ಟರರ ಸ್ಟೆತೊಸ್ಕೋಪಿನಂಥ ರಬ್ಬರ್ ಕೊಳವೆಗಳನ್ನು ಕಿವಿಗೆ ಸಿಕ್ಕಿಸಿಕೊಂಡು. ಎಮಿಲ್ ಬರ್ಲಿನರ್ ಅಮೆರಿಕದಲ್ಲಿ ಮಾರಿದ ಮೊದಮೊದಲ 7 ಇಂಚಿನ ಪ್ಲೇಟುಗಳಂತೂ ಗಟ್ಟಿ ರಬ್ಬರಿನವೇ. ಅವು ಸರಿಬರಲಿಲ್ಲ. 1895ರ ಸುಮಾರಿಗೆ ಅವನು ಅರಗಿಗೆ ಹೊರಳಿದ. ಆ ಅರಗು ಹೋಗುತ್ತಿದ್ದುದು ಬಹುಮಟ್ಟಿಗೆ ನಮ್ಮ ದೇಶದ ಕಾಡುಗಳಿಂದ. ಹೀಗೆ ರಬ್ಬರು ಪ್ಲೇಟಿನಿಂದ ಇಳಿದು ಸೌಂಡ್ ಬಾಕ್ಸಿನೊಳಗೆ ಮಾತ್ರ ಉಳಿದುಕೊಂಡಿತು.

ಇಂಗ್ಲೆಂಡ್, ಅಮೆರಿಕದಲ್ಲಿ ಸೌಂಡ್ ಬಾಕ್ಸಿನ ಮಾದರಿ ಹೇಳಿದರೆ ಅದಕ್ಕೆ ತಕ್ಕ ಕೊಳವೆಯನ್ನು ಅಳೆದು ಕಳಿಸುವ ವ್ಯಾಪಾರಿಗಳಿದ್ದಾರೆ. ಗೇಣುದ್ದದ ರಬ್ಬರಿಗೆ ಅದರ ಬೆಲೆಗಿಂತ ಅಂಚೆ ಖರ್ಚೇ ಹೆಚ್ಚು. ನಾನು ಊರಲ್ಲೇ ಹುಡುಕಿದೆ. ಮೀನಿನ ತೊಟ್ಟಿಗೆ ಗಾಳಿ ಊದುವ ಕೊಳವೆ ದಪ್ಪವಾಯಿತು. ಡ್ರಿಪ್ ಹಾಕುವ ಕೊಳವೆ ರಬ್ಬರೇ ಅಲ್ಲ, ಪಿವಿಸಿ; ಬಿಲ್ಲೆಯನ್ನು ಒತ್ತುತ್ತದೆಯೇ ಹೊರತು ಆಡಲು ಬಿಡುವುದಿಲ್ಲ. ವೈರಿನ ಮೇಲಿನ ಕವಚ ಸುಲಿದು ಹಾಕಿದವರನ್ನೂ ಕಂಡಿದ್ದೇನೆ. ಅವರ ಗ್ರಾಮಫೋನಿನಲ್ಲಿ ಹಾಡುವವರಿಗೆಲ್ಲ ನೆಗಡಿ.

ಕೊನೆಗೆ ಬೀದಿ ಮೂಲೆಯ ಸೈಕಲ್ ಶಾಪಿಗೆ ಹೋಗಿ ವಾಲ್ ಟ್ಯೂಬ್ ಕೇಳಿದೆ. ಸೈಕಲ್ಲಿನ ವಾಲ್ವಿಗೆ ತೊಡಿಸುವ, ಊದಿನಕಡ್ಡಿಯಷ್ಟು ತೆಳುವಾದ ರಬ್ಬರ್ ಕೊಳವೆ.

‘ಎಷ್ಟು ಪೀಸ್ ಕೊಡ್ಲಿ ಸಾರ್?’

‘ಒಂದಡಿ ಉದ್ದ ಬೇಕಿತ್ತು.’

‘ಒಂದಡೀನಾ? ಎಷ್ಟು ಸೈಕಲ್ ಇಟ್ಟಿದೀರಿ?’

ಗ್ರಾಮಫೋನಿಗೆ ಅಂದೆ. ಅವರು ನಗಲಿಲ್ಲ. ಸುರುಳಿಯಿಂದ ಅಳೆದು ಕತ್ತರಿಸಿ, ‘ಹೊಸ ಸ್ಟಾಕು, ಮೆತ್ತಗಿದೆ. ಹಳೇದಾದ್ರೆ ಎಳದ್ರೆ ಬಿರುಕು ಬಿಡತ್ತೆ, ನೋಡ್ಕೊಂಡು ತಗೋಬೇಕು’ ಎಂದರು. ಗ್ರಾಮಫೋನಿನ ಬಗ್ಗೆ ನನಗೆ ಸಿಕ್ಕ ಮೊದಲ ಸರಿಯಾದ ಸಲಹೆ ಅದು.

ಕೂರಿಸುವ ಬಗೆ ಹೀಗೆ. ಡಬ್ಬಿಯ ಒಳ ಅಂಚಿನ ಸುತ್ತ ದಾರ ಓಡಿಸಿ ಅಳತೆ ಹಿಡಿಯಬೇಕು. ಕೊಳವೆಯನ್ನು ಹೊಸ ಬ್ಲೇಡಿನಿಂದ ಒಂದೇ ಸಲಕ್ಕೆ ಕತ್ತರಿಸಬೇಕು. ಕತ್ತರಿ ಬಳಸಿದರೆ ತುದಿ ಜಜ್ಜಿಹೋಗುತ್ತದೆ. ಎರಡು ತುದಿಗಳೂ ಒಂದಕ್ಕೊಂದು ಮುಟ್ಟಿ ಕೂರಬೇಕು, ಎಳೆದು ತುಂಬಿಸಬಾರದು. ಎಳೆದ ರಬ್ಬರು ನಾಲ್ಕು ದಿನದಲ್ಲಿ ಮೊದಲಿನ ಉದ್ದಕ್ಕೆ ಮರಳಿ ಅಲ್ಲೊಂದು ಸಂದು ಬಿಡುತ್ತದೆ. ಅಂಟು ಬೇಡವೇ ಬೇಡ. ಬಿಲ್ಲೆಯ ನಡುವಿನ ಪುಟ್ಟ ಸ್ಕ್ರೂ ಬಿಚ್ಚುವಾಗ ಉಸಿರು ಹಿಡಿದುಕೊಳ್ಳಿ: ಅಲ್ಲಿ ಜೇನುಮೇಣ ಮೆತ್ತಿರುತ್ತದೆ, ತುಸು ಬಿಸಿ ತಾಗಿಸದೆ ತಿರುವಿದರೆ ಕಾಗೆಬಂಗಾರ ಪದರ ಪದರವಾಗಿ ಎದ್ದುಬರುತ್ತದೆ. ಮತ್ತೆ ಜೋಡಿಸಿದ ಮೇಲೆ ಅಲ್ಲಿಗೆ ಒಂದು ಹನಿ ಹೊಸ ಮೇಣ. ಕಡ್ಡಿ ಬಿಲ್ಲೆಯನ್ನು ತಳ್ಳುತ್ತಲೂ ಇರಬಾರದು, ಎಳೆಯುತ್ತಲೂ ಇರಬಾರದು, ಸುಮ್ಮನೆ ತಾಗಿಕೊಂಡಿರಬೇಕು. ಇದಕ್ಕೇ ನನಗೆ ಎರಡು ಸಂಜೆ ಹಿಡಿಯಿತು.

ಸರಿಯಾಯಿತೋ ಇಲ್ಲವೋ ನೋಡಲು ಹಳಬರ ಉಪಾಯವೊಂದಿದೆ. ಸೌಂಡ್ ಬಾಕ್ಸಿನ ಹಿಂದಿನ ತೂತಿಗೆ ನಾಲಗೆ ಹಚ್ಚಿ ಮೆಲ್ಲಗೆ ಗಾಳಿ ಎಳೆಯಿರಿ. ಡಬ್ಬಿ ನಾಲಗೆಗೆ ಕಚ್ಚಿಕೊಂಡು ಒಂದೆರಡು ಕ್ಷಣ ನಿಂತರೆ ಗಾಳಿ ಸೋರುತ್ತಿಲ್ಲ ಎಂದರ್ಥ. ಮೊದಲ ಸಲ ನನ್ನದು ನಿಲ್ಲಲಿಲ್ಲ. ಮೂರನೆಯ ಸಲ ನಿಂತಿತು. ನಾಲಗೆಗೆ ಹಿತ್ತಾಳೆಯ ಕಿಲುಬು ರುಚಿ ಹತ್ತಿತು ಅನ್ನುವುದು ಬೇರೆ ಮಾತು.

ಹಿಂಬದಿಯ ರಬ್ಬರಿನ ಕತೆ ಇಷ್ಟು ಸುಲಭವಲ್ಲ. ಸೌಂಡ್ ಬಾಕ್ಸು ಕೊಂಬಿಗೆ ಹೋಗುವ ತೋಳಿಗೆ ಸೇರುವಲ್ಲಿ ದಪ್ಪನೆಯ ರಬ್ಬರ್ ಉಂಗುರವಿರುತ್ತದೆ. ಅದು ಕಲ್ಲಾದರೆ ತೋಳಿನ ಗಡಗಡವೆಲ್ಲ ಹಾಡಿನೊಳಗೆ ಬರುತ್ತದೆ. ಈ ಆಕಾರದ ಉಂಗುರ ಯಾವ ಅಂಗಡಿಯಲ್ಲೂ ಇಲ್ಲ, ಎರಕ ಹೊಯ್ಯಬೇಕು. ಒಡವೆಯ, ಗೊಂಬೆಯ ಅಚ್ಚು ಮಾಡುವವರು ಬಳಸುವ ಎರಡು ದ್ರಾವಣದ ಸಿಲಿಕೋನ್ ತಂದು, ಅಚ್ಚು ತೆಗೆಯಲೆಂದು ಹಳೆಯ ಉಂಗುರದ ಮೇಲೆಯೇ ಸುರಿದೆ. ಮರುದಿನ ನೋಡಿದರೆ ಮೇಲೆಲ್ಲ ಗಟ್ಟಿ, ಉಂಗುರಕ್ಕೆ ತಾಗಿದ ಕಡೆ ಮಾತ್ರ ಹಲಸಿನ ಮೇಣದಂಥ ಅಂಟು. ವಾರವಾದರೂ ಆರಲಿಲ್ಲ. ಓದಿ ನೋಡಿದಾಗ ಗೊತ್ತಾಯಿತು: ಪ್ಲಾಟಿನಂ ಬಳಸಿ ಗಟ್ಟಿಯಾಗುವ ಸಿಲಿಕೋನಿಗೆ ಗಂಧಕ ಆಗಿಬರುವುದಿಲ್ಲ. ಗುಡ್‌ಇಯರನ ಗಂಧಕ ಕಲ್ಲಾದ ಉಂಗುರದೊಳಗೆ ಇನ್ನೂ ಕೂತಿತ್ತು.

ಆಮೇಲೆ ಲೇತ್ ಕೆಲಸದವರೊಬ್ಬರು ಅದೇ ಅಳತೆಯ ಮರದ ಉಂಗುರ ಕಡೆದುಕೊಟ್ಟರು. ಮರದ ರಂಧ್ರ ಮುಚ್ಚಲು ಎರಡು ಕೈ ಅರಗಿನ ಪಾಲಿಶ್. ಪ್ಲೇಟಿಗೂ ಅರಗು, ಅಚ್ಚಿಗೂ ಅರಗು! ಅದರಿಂದ ಪ್ಲಾಸ್ಟರ್ ಅಚ್ಚು ತೆಗೆದು, ಚೆನ್ನಾಗಿ ಒಣಗಿಸಿ, ಅದಕ್ಕೂ ಪಾಲಿಶ್ ಬಳಿದು, ಕಪ್ಪು ಬಣ್ಣ ಬೆರೆಸಿದ ಮೆತ್ತನೆಯ ಸಿಲಿಕೋನ್ ಹೊಯ್ದೆ. ಸಿಲಿಕೋನಿನ ಡಬ್ಬಿಯ ಮೇಲೆ ಗಡಸುತನದ ಸಂಖ್ಯೆ ಇರುತ್ತದೆ. ಶೋರ್ ‘ಎ’ ಅಳತೆಯಲ್ಲಿ 30ರ ಆಸುಪಾಸಿನದು ನನ್ನ ಯಂತ್ರಕ್ಕೆ ಹೊಂದಿತು. ಹಳೆಯ ರಬ್ಬರಿಗೆ ಎಣ್ಣೆ, ವ್ಯಾಸಲೀನ್ ಸವರಿ ‘ಮೆತ್ತಗೆ ಮಾಡುವ’ ರೂಢಿ ಇದೆಯಲ್ಲ, ಅದು ಬರೀ ಭ್ರಮೆ. ಮರದ ಹಾಲಿನ ರಬ್ಬರು ಎಣ್ಣೆಗೆ ಉಬ್ಬುತ್ತದೆ, ಆಮೇಲೆ ಅಂಟಾಗುತ್ತದೆ. ಇನ್ನೊಂದು ಮಾತು: ಎಡಿಸನ್ನನ ಸಿಲಿಂಡರ್ ಯಂತ್ರ ಇಟ್ಟುಕೊಂಡವರು ಅದಕ್ಕೆ ರಬ್ಬರ್ ಬೆಲ್ಟ್ ಹುಡುಕಿ ಅಲೆಯುವುದುಂಟು. ಮೂಲದಲ್ಲಿ ಅದು ತೊಗಲಿನ ಪಟ್ಟಿ, ಚಮ್ಮಾರರ ಹತ್ತಿರ ಹೋದರೆ ಸಾಕು.

ಎಲ್ಲ ಕೂಡಿಸಿ ಮತ್ತೆ ಅದೇ ಪ್ಲೇಟು ಹಾಕಿದೆ. ಚರಚರ ಹೋಗಿರಲಿಲ್ಲ, ಪ್ಲೇಟಿನ ವಯಸ್ಸು ಅದು. ಆದರೆ ಜೀರುಂಡೆ ಹೊರಟುಹೋಗಿತ್ತು. ಎದೆಯಿಂದ ಬರುವ ದನಿ, ಪಿಟೀಲು ಬೇರೆ, ಮೃದಂಗದ ಎಡ ಬೇರೆ. ಎಡದ ಗುಮ್ಮು ಆ ಯಂತ್ರದಲ್ಲಿ ಎಷ್ಟು ವರ್ಷದ ಮೇಲೆ ಕೇಳಿಸಿತೋ. ಗಟ್ಟಿ ರಬ್ಬರಿನ ಸೌಂಡ್ ಬಾಕ್ಸಿನಲ್ಲಿ ಬಿಲ್ಲೆಯನ್ನು ಅಲುಗಿಸಲು ಮುಳ್ಳು ಗೀರಿನ ಗೋಡೆಯನ್ನೇ ಒತ್ತುತ್ತದೆ. ಅಂದರೆ ದನಿ ಕೆಟ್ಟಿದ್ದಲ್ಲದೆ, ಹಾಕಿದಷ್ಟು ಸಲವೂ ಪ್ಲೇಟು ಸವೆದಿದೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕೊಂಬಿನೆದುರು ನಿಂತು ಹಾಡಿದ ಗಾಯಕಿ ಗೌಹರ್ ಜಾನ್ ಅವರ ಕಾಲದ ಪ್ಲೇಟುಗಳು ನಿಮ್ಮಲ್ಲಿದ್ದರೆ ಕಲ್ಲಾದ ರಬ್ಬರಿನ ಯಂತ್ರದಲ್ಲಿ ದಯವಿಟ್ಟು ಹಾಕಬೇಡಿ.

ವಾಲ್ ಟ್ಯೂಬ್ ಕೆಲವೇ ವರ್ಷ ಬಾಳುತ್ತದೆ. ಸಿಲಿಕೋನ್ ಕೊಳವೆ ಅದಕ್ಕಿಂತ ಬಹಳ ಹೆಚ್ಚು; ಸುಮಾರು 3 ಮಿ.ಮೀ. ದಪ್ಪದ, ತೆಳುಗೋಡೆಯದು ಸಿಕ್ಕರೆ ಅದನ್ನೇ ಹಾಕಿ. ಹಳೆಯ ಬಳೆ ಚೂರಾಗಿದ್ದರೂ ಅಳತೆಗೆ ಬೇಕಾಗುತ್ತದೆ, ಬೆಂಕಿಪೊಟ್ಟಣದಲ್ಲಿ ಹಾಕಿ ಯಂತ್ರದ ಜೊತೆಗೇ ಇಡಿ. ಏನು ಹಾಕಿದಿರಿ, ಯಾವ ವರ್ಷ ಹಾಕಿದಿರಿ ಎಂದು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಗೆ ಅಂಟಿಸಿ. ಮುಂದೆ ಬಿಚ್ಚುವವರಿಗೆ ಬೇಕಾಗುತ್ತದೆ.