ಸಂಚಾರಿ ರಂಗಭೂಮಿ ಮತ್ತು ಗೊಂಬೆಯಾಟದ ಮೂಲಕ ಪರಿಸರ ಶಿಕ್ಷಣ: ಕುಂದಾಪುರ ಪ್ರದೇಶ

ಊರಿಂದೂರಿಗೆ ಸಾಗುವ ನಾಟಕ ಹಾಗೂ ಗೊಂಬೆಯಾಟಗಳ ಮೂಲಕ ಪರಿಸರ ಮತ್ತು ಇಂಧನ ಬಳಕೆಯ ಬಗ್ಗೆ ತಿಳಿವಳಿಕೆ ನೀಡುವುದು ಅನೌಪಚಾರಿಕ ಶಿಕ್ಷಣದ ಒಂದು ವಿಧಾನವಾಗಿದೆ. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಸಂಚಾರಿ ರಂಗಪರಂಪರೆಯು ಶಾಲೆಗಳಿಗಿಂತ ಹಳೆಯದು. ಇಲ್ಲಿನ ಬಡಗುತಿಟ್ಟು ಯಕ್ಷಗಾನ ಮತ್ತು ಉಪ್ಪಿನಕುದ್ರುವಿನ ಸೂತ್ರದ ಗೊಂಬೆಯಾಟಗಳು ಈ ವಿಧಾನಕ್ಕೆ ಒದಗುವ ಪ್ರಮುಖ ಕಲಾಪ್ರಕಾರಗಳಾಗಿವೆ.

ಹಿನ್ನೆಲೆ

ಕಲೆಯನ್ನು ವಿಜ್ಞಾನ ಪ್ರಸಾರಕ್ಕೆ ಬಳಸುವ ಜಾಥಾ ಮಾದರಿಯನ್ನು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1980ರಲ್ಲಿ ಆರಂಭಿಸಿತು. 1987ರ ಭಾರತ ಜನವಿಜ್ಞಾನ ಜಾಥಾ ಈ ಮಾದರಿಯನ್ನು ದೇಶದಾದ್ಯಂತ ಹರಡಿತು. ಕರ್ನಾಟಕದಲ್ಲಿ ‘ಸಮುದಾಯ’ ತಂಡದ ಬೀದಿನಾಟಕಗಳು ಮತ್ತು 1985ರಲ್ಲಿ ಆರಂಭವಾದ ನೀನಾಸಂ ತಿರುಗಾಟವು ರಂಗಭೂಮಿಯನ್ನು ಸಣ್ಣ ಊರುಗಳಿಗೆ ಒಯ್ದವು. ನೆರೆಯ ಉತ್ತರ ಕನ್ನಡದ ಸಲ್ಕಣಿಯಲ್ಲಿ 1983ರಲ್ಲಿ ಮೊದಲಾದ ಅಪ್ಪಿಕೋ ಚಳವಳಿಯು ಪಾದಯಾತ್ರೆಯೊಂದಿಗೆ ಜನಪದ ಕಲೆಗಳನ್ನೂ ಬಳಸಿಕೊಂಡಿತು.

ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು (1902–1997) ಯಕ್ಷಗಾನದ ಸಂಶೋಧಕರೂ ಪ್ರಯೋಗಶೀಲರೂ ಆಗಿದ್ದಂತೆ, ಕೈಗಾ ಅಣುಸ್ಥಾವರವನ್ನು ವಿರೋಧಿಸಿದ ಪರಿಸರವಾದಿಯೂ ಆಗಿದ್ದರು. ಕಲೆ ಮತ್ತು ಪರಿಸರಗಳೆರಡನ್ನೂ ಬಲ್ಲ ಒಬ್ಬರೇ ವ್ಯಕ್ತಿ ಈ ಪ್ರದೇಶದಲ್ಲಿ ಬಾಳಿದ್ದರೆಂಬುದು ಗಮನಾರ್ಹ. ಆದರೆ ಅವರ ಯಕ್ಷಗಾನ ಪ್ರಯೋಗಗಳ ಗುರಿ ಪ್ರಚಾರವಾಗಿರಲಿಲ್ಲ.

ಉಪ್ಪಿನಕುದ್ರು ಗೊಂಬೆಯಾಟ

ಪಂಚಗಂಗಾವಳಿ ನದಿಮುಖದ ಕುದ್ರುಗಳಲ್ಲಿ ಒಂದಾದ ಉಪ್ಪಿನಕುದ್ರು ಕುಂದಾಪುರಕ್ಕೆ ಸಮೀಪದಲ್ಲಿದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ಮತ್ತು ಖೇಟಕಿ ನದಿಗಳು ಇಲ್ಲಿ ಕೂಡಿ ಕಡಲನ್ನು ಸೇರುತ್ತವೆ. ದಡಗಳಲ್ಲಿ ಕಾಂಡ್ಲಾ ಗಿಡಗಳು ಬೆಳೆಯುತ್ತವೆ. ಇಲ್ಲಿನ ಕಾಮತ್ ಮನೆತನವು ತಲೆಮಾರುಗಳಿಂದ ಯಕ್ಷಗಾನ ಗೊಂಬೆಯಾಟವನ್ನು ನಡೆಸಿಕೊಂಡು ಬಂದಿದೆ. ಕೊಗ್ಗ ದೇವಣ್ಣ ಕಾಮತರಿಗೆ 1980ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯನ್ನು ಮುನ್ನಡೆಸಿದ್ದಾರೆ.

ಮರದಲ್ಲಿ ಕೆತ್ತಿದ ಗೊಂಬೆಗಳಿಗೆ ಬಡಗುತಿಟ್ಟಿನ ವೇಷಭೂಷಣಗಳನ್ನು ತೊಡಿಸಲಾಗುತ್ತದೆ. ಪರದೆಯ ಹಿಂದೆ ನಿಂತ ಸೂತ್ರಧಾರರು ದಾರಗಳನ್ನು ಎಳೆದು, ಭಾಗವತರ ಪದ್ಯಕ್ಕೂ ಚೆಂಡೆ–ಮದ್ದಳೆಗಳ ಪೆಟ್ಟಿಗೂ ಹೊಂದುವಂತೆ ಗೊಂಬೆಗಳನ್ನು ಕುಣಿಸುತ್ತಾರೆ. ಈ ಮಂಡಳಿಯ ಖ್ಯಾತಿ ನಿಂತಿರುವುದು ಪೌರಾಣಿಕ ಪ್ರಸಂಗಗಳ ಮೇಲೆ. ಶೈಕ್ಷಣಿಕ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಇದಕ್ಕಿಂತ ಸರಳವಾದ ಕೈಗೊಂಬೆ ಮತ್ತು ಕೋಲುಗೊಂಬೆಗಳು. ಅವನ್ನು ರದ್ದಿಕಾಗದ, ಹಳೆಯ ಬಟ್ಟೆ, ತೆಂಗಿನ ಗರಟೆಗಳಿಂದ ಮಕ್ಕಳೇ ತಯಾರಿಸಬಹುದು.

ಗೊಂಬೆಯ ವಿಶೇಷ ಅನುಕೂಲ

ಮನುಷ್ಯನಟ ಅಭಿನಯಿಸಲು ಕಷ್ಟಪಡುವ ಪಾತ್ರಗಳನ್ನು ಗೊಂಬೆ ಸುಲಭವಾಗಿ ನಿರ್ವಹಿಸುತ್ತದೆ. ಇದಕ್ಕೆ ಕಡಲಾಮೆಯ ಉದಾಹರಣೆ ತಕ್ಕುದಾಗಿದೆ. ಕೋಡಿ, ಮರವಂತೆ ಮುಂತಾದ ಕಡಲತೀರಗಳಿಗೆ ಆಲಿವ್ ರಿಡ್ಲಿ ಜಾತಿಯ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಸುಮಾರು 45ರಿಂದ 60 ದಿನಗಳಲ್ಲಿ ಮೊಟ್ಟೆಯೊಡೆದು, ಮರಿಗಳು ಹೆಚ್ಚಾಗಿ ರಾತ್ರಿಯಲ್ಲಿ ಮರಳಿನಿಂದ ಮೇಲೆ ಬರುತ್ತವೆ. ಬೆಳಕು ಹೆಚ್ಚಿರುವ ದಿಕ್ಕೇ ಕಡಲೆಂದು ಅವು ಹುಟ್ಟಿನಿಂದಲೇ ತಿಳಿಯುತ್ತವೆ. ವಿದ್ಯುದ್ದೀಪಗಳಿಲ್ಲದ ತೀರದಲ್ಲಿ ಈ ತಿಳಿವು ಸರಿಯಾದುದು. ದಡದಲ್ಲಿ ಪ್ರಖರ ದೀಪವಿದ್ದರೆ ಮರಿಗಳು ಅತ್ತಲೇ ಹರಿದು, ನೀರು ಸೇರದೆ ಸಾಯುತ್ತವೆ. ಅಂಗೈಯಗಲದ ಗೊಂಬೆಮರಿಯೊಂದು ತಪ್ಪು ಬೆಳಕಿನತ್ತ ಸಾಗುವುದನ್ನು ಕತ್ತಲಿನ ರಂಗದಲ್ಲಿ ಒಂದು ಟಾರ್ಚ್ ಹಿಡಿದು ತೋರಿಸಬಹುದು. ಪರಿಸರ ಮತ್ತು ಇಂಧನಗಳೆರಡನ್ನೂ ಒಂದೇ ದೃಶ್ಯದಲ್ಲಿ ತರುವ ಇಂತಹ ವಸ್ತು ಅಪರೂಪ. ಮೊಟ್ಟೆಯಿಡುವ ಕಾಲವು ನವೆಂಬರಿನಿಂದ ಮೇವರೆಗಿನ ಮೇಳಗಳ ತಿರುಗಾಟದ ಅವಧಿಯೊಳಗೇ ಬರುತ್ತದೆ.

ಯಕ್ಷಗಾನ ಮತ್ತು ಅರ್ಥಗಾರಿಕೆ

ಯಕ್ಷಗಾನದಲ್ಲಿ ಪದ್ಯ ಮೊದಲೇ ಸಿದ್ಧವಿರುತ್ತದೆ, ಮಾತು ಮಾತ್ರ ಕಲಾವಿದನ ಆಶುಸೃಷ್ಟಿ. ಎದುರುಬದುರು ಪಾತ್ರಗಳು ತಮ್ಮ ತಮ್ಮ ಪಕ್ಷವನ್ನು ಪೂರ್ಣಬಲದಿಂದ ಸಮರ್ಥಿಸಿಕೊಳ್ಳಬೇಕು. ಪರಿಸರ ಶಿಕ್ಷಣಕ್ಕೆ ಈ ಗುಣ ಬಹಳ ಬೆಲೆಯುಳ್ಳದ್ದು. ಮಹಾಭಾರತದ ಖಾಂಡವದಹನದಲ್ಲಿ ಹಸಿದ ಅಗ್ನಿಗೆ ಕಾಡು ಬೇಕು, ಕಾಡಿನ ಜೀವಿಗಳಿಗೆ ನೆಲೆ ಬೇಕು, ಹೊಸ ನಗರ ಕಟ್ಟುವವರಿಗೆ ಭೂಮಿ ಬೇಕು. ಬೀದಿನಾಟಕದಲ್ಲಿ ಖಳನನ್ನು ಮೊದಲೇ ಗುರುತಿಸಿ ಘೋಷಣೆಯಲ್ಲಿ ಮುಗಿಸುವ ರೂಢಿಯಿದೆ. ಅರ್ಥಗಾರಿಕೆ ಅಷ್ಟು ಸುಲಭಕ್ಕೆ ತೀರ್ಪು ಕೊಡುವುದಿಲ್ಲ.

ಈ ಪ್ರಶ್ನೆ ಇಲ್ಲಿ ಪುರಾಣಕ್ಕೆ ಸೀಮಿತವಲ್ಲ. ಕುಂದಾಪುರ ತಾಲ್ಲೂಕಿನ ಹೊಸಂಗಡಿಯಲ್ಲಿರುವ ವಾರಾಹಿ ಭೂಗತ ಜಲವಿದ್ಯುದಾಗಾರದಲ್ಲಿ ತಲಾ 115 ಮೆಗಾವ್ಯಾಟಿನ 4 ಘಟಕಗಳಿದ್ದು, ಒಟ್ಟು ಸಾಮರ್ಥ್ಯ 460 ಮೆಗಾವ್ಯಾಟ್. ಅದಕ್ಕೆ ನೀರು ಬರುವುದು ಘಟ್ಟದ ಮೇಲಿನ ಮಾಣಿ ಅಣೆಕಟ್ಟಿನಿಂದ. ಜಿಲ್ಲೆಯ ದಕ್ಷಿಣದಲ್ಲಿ, ಎಲ್ಲೂರಿನಲ್ಲಿ, ಕಲ್ಲಿದ್ದಲಿನ ಉಷ್ಣವಿದ್ಯುತ್ ಸ್ಥಾವರವಿದೆ. ಹೀಗಾಗಿ ಈ ಭಾಗದ ವಿದ್ಯಾರ್ಥಿಗೆ ‘ದೀಪ ಆರಿಸಿ’ ಎಂಬ ಉಪದೇಶಕ್ಕಿಂತ, ದೀಪಕ್ಕೆ ಬೆಲೆ ತೆತ್ತ ನದಿ ಮತ್ತು ಕಾಡು ಯಾವುವೆಂಬ ವಾದವೇ ಹೆಚ್ಚು ಹತ್ತಿರದ್ದು.

ಬಯಲಾಟದ ಬೆಳಕಿನ ಚರಿತ್ರೆಯೂ ಒಂದು ಪಾಠವೇ. ಮೊದಲು ದೀವಟಿಗೆ, ಆಮೇಲೆ ಗ್ಯಾಸ್‌ಲೈಟು, ಅನಂತರ ವಿದ್ಯುತ್ತು ಮತ್ತು ಜನರೇಟರು ಬಂದವು. ರಂಗಸ್ಥಳದಲ್ಲಿ 60 ವ್ಯಾಟಿನ 10 ಹಳೆಯ ಬಲ್ಬುಗಳು 8 ಗಂಟೆ ಉರಿದರೆ 4.8 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ ದೀಪಗಳಿಗೆ ಸಾಕಾಗುವುದು 0.72 ಯೂನಿಟ್. ಆಟದ ಮುನ್ನ ಮಕ್ಕಳಿಂದಲೇ ಈ ಲೆಕ್ಕ ಮಾಡಿಸಬಹುದು.

ಮಕ್ಕಳ ಪಾಲ್ಗೊಳ್ಳುವಿಕೆ

ಬ್ರಹ್ಮಾವರ ತಾಲ್ಲೂಕಿನ ಸಾಲಿಗ್ರಾಮದಲ್ಲಿ 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆಯವರು ಸಾಲಿಗ್ರಾಮ ಮಕ್ಕಳ ಮೇಳವನ್ನು ಕಟ್ಟಿದರು. ಮಕ್ಕಳು ವೇಷ ಕಟ್ಟಿ ಪೂರ್ಣ ಪ್ರಸಂಗ ಆಡಬಲ್ಲರು ಎಂಬುದನ್ನು ಈ ಮೇಳ ತೋರಿಸಿಕೊಟ್ಟಿತು. ನೋಡಿ ಕಲಿಯುವುದಕ್ಕಿಂತ ಆಡಿ ಕಲಿಯುವುದು ಆಳವಾದುದು. ತನ್ನ ಪಾತ್ರದ ಮಾತಿಗಾಗಿ ವಿದ್ಯಾರ್ಥಿಯು ಊರಿನ ಮೀನುಗಾರರನ್ನೂ ರೈತರನ್ನೂ ವಿಚಾರಿಸಬೇಕಾಗುತ್ತದೆ.

ಮಿತಿಗಳು

ಮಂದಾರ್ತಿ, ಮಾರಣಕಟ್ಟೆಗಳಂತಹ ಕ್ಷೇತ್ರಗಳ ಮೇಳಗಳು ಆಡುವುದು ಮುಖ್ಯವಾಗಿ ಹರಕೆಯ ಆಟಗಳನ್ನು. ಅಲ್ಲಿ ಪ್ರಸಂಗವು ಕ್ಷೇತ್ರಕ್ಕೂ ಸೇವಾಕರ್ತರ ಭಕ್ತಿಗೂ ಸಂಬಂಧಿಸಿದುದು, ಹೊರಗಿನ ಸಂದೇಶವನ್ನು ಅದಕ್ಕೆ ಅಂಟಿಸಿದರೆ ಪ್ರೇಕ್ಷಕರಿಗೆ ಹಿಡಿಸದು. ಇಲಾಖೆ ಅಥವಾ ಕಂಪನಿಗಳ ಪ್ರಾಯೋಜಕತ್ವ ಪಡೆದ ತಂಡಕ್ಕೆ ಪ್ರಾಯೋಜಕರ ಯೋಜನೆಯನ್ನೇ ಪ್ರಶ್ನಿಸುವುದು ಕಷ್ಟವಾಗುತ್ತದೆ. ಒಂದು ಪ್ರದರ್ಶನದ ಪ್ರಭಾವ ಬೇಗ ಮಾಸುತ್ತದೆ. ಆದುದರಿಂದ ತಂಡ ಮುಂದಿನ ಊರಿಗೆ ಹೋದ ಮೇಲೆ ಶಾಲೆಯ ವಿದ್ಯುತ್ ಮೀಟರನ್ನು ತಿಂಗಳುಗಟ್ಟಲೆ ಓದಿ ಬರೆದಿಡುವುದು, ಕಾಂಡ್ಲಾ ಗಿಡಗಳನ್ನು ಎಣಿಸುವುದು ಮುಂತಾದ ಕೆಲಸಗಳನ್ನು ಶಿಕ್ಷಕರು ಮುಂದುವರಿಸಬೇಕಾಗುತ್ತದೆ.