ಮನೆ ಬಾಗಿಲಿಗೆ ಬರುವ ಊಟ: ಲಾಭವೋ, ನಷ್ಟವೋ?

ಸಂಜೆ ಏಳು ಗಂಟೆ. ಮಕ್ಕಳ ಹೋಂವರ್ಕ್ ಮುಗಿದಿಲ್ಲ. ಅಡುಗೆಗೆ ಇನ್ನೂ ಕೈ ಹಾಕಿಲ್ಲ. ಅಷ್ಟರಲ್ಲಿ ಪತಿಯ ಫೋನ್: "ಇಬ್ಬರು ಅತಿಥಿಗಳನ್ನು ಕರೆದುಕೊಂಡು ಬರುತ್ತಿದ್ದೇನೆ." ನಿಮ್ಮ ಕೈ ತಾನಾಗಿ ಮೊಬೈಲ್‌ನತ್ತ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬಿಸಿ ಬಿರಿಯಾನಿ! ಅತಿಥಿಗಳು ಉಂಡು ಸಂತೋಷದಿಂದ ಹೋಗುತ್ತಾರೆ. ಆದರೆ ತಿಂಗಳ ಕೊನೆಯಲ್ಲಿ "ಹಣವೆಲ್ಲ ಎಲ್ಲಿ ಹೋಯಿತು?" ಎಂಬ ಪ್ರಶ್ನೆ ಬಂದಾಗ ಉತ್ತರ ಕೊಡಬೇಕಾದವರೂ ನೀವೇ ಅಲ್ಲವೇ?

ದಿನಸಿ ತಲುಪಿಸುವ ಬಿಗ್‌ಬಾಸ್ಕೆಟ್ 2011ರಲ್ಲಿ, ಊಟ ತಲುಪಿಸುವ ಸ್ವಿಗ್ಗಿ 2014ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲೇ. ಇಂದು ಈ ಸೌಲಭ್ಯ ಸಣ್ಣ ಪಟ್ಟಣಗಳಿಗೂ ಬಂದಿದೆ. ಇದನ್ನು ಸೋಮಾರಿತನ ಎಂದು ಹೀಗಳೆಯುವುದು ಸುಲಭ. ಅದಕ್ಕಿಂತ ಒಮ್ಮೆ ಕುಳಿತು ಲೆಕ್ಕ ಹಾಕುವುದು ಒಳ್ಳೆಯದು.

ಬಿಲ್ಲನ್ನು ಓದಿ ನೋಡಿದ್ದೀರಾ?

ಆ್ಯಪ್ ಕಂಪೆನಿಗಳು ಹೋಟೆಲಿನವರಿಂದ ಕಮಿಷನ್ ಪಡೆಯುತ್ತವೆ. ಅದನ್ನು ಸರಿದೂಗಿಸಲು ಅನೇಕ ಹೋಟೆಲುಗಳು ಆ್ಯಪ್‌ನಲ್ಲಿ ಬೆಲೆಯನ್ನೇ ಏರಿಸಿರುತ್ತವೆ. ಒಂದು ಉದಾಹರಣೆ ನೋಡೋಣ. ಹೋಟೆಲಿನಲ್ಲಿ 180 ರೂ.ಗೆ ಸಿಗುವ ಬಿರಿಯಾನಿ ಆ್ಯಪ್‌ನಲ್ಲಿ 215 ರೂ. ಎಂದಿಟ್ಟುಕೊಳ್ಳಿ. ಎರಡು ಪ್ಲೇಟಿಗೆ 430 ರೂ. ಪ್ಯಾಕಿಂಗ್ 20 ರೂ. ಸೇರಿಸಿ, 5 ಶೇಕಡಾ ಜಿಎಸ್‌ಟಿ ಕೂಡಿಸಿದರೆ 472 ರೂ. 50 ಪೈಸೆ. ಡೆಲಿವರಿ 35 ರೂ., ಪ್ಲಾಟ್‌ಫಾರ್ಮ್ ಶುಲ್ಕ 12 ರೂ. ಇವುಗಳ ಮೇಲೆ 18 ಶೇಕಡಾ ತೆರಿಗೆ. (ಡೆಲಿವರಿ ಶುಲ್ಕಕ್ಕೆ ಈ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಬಂದಿದೆ.) ಒಟ್ಟು ಸುಮಾರು 528 ರೂ. ಅದೇ ಊಟವನ್ನು ಹೋಟೆಲಿನಿಂದ ಕಟ್ಟಿಸಿ ತಂದರೆ ತೆರಿಗೆ ಸೇರಿ 378 ರೂ. ವ್ಯತ್ಯಾಸ 150 ರೂ. ವಾರಕ್ಕೊಮ್ಮೆ ತರಿಸಿದರೆ ವರ್ಷಕ್ಕೆ 7,800 ರೂ.! ಮಕ್ಕಳ ಪುಸ್ತಕ, ಸಮವಸ್ತ್ರದ ಖರ್ಚಿಗೆ ಅದು ಎಷ್ಟು ದೊಡ್ಡ ಆಸರೆ!

ದಿನಸಿಯ ಲೆಕ್ಕ ಬೇರೆ

ದಿನಸಿಯಲ್ಲಿ ನಷ್ಟವಾಗುವುದು ಹೆಚ್ಚಾಗಿ ಶುಲ್ಕದಿಂದಲ್ಲ, ನಮ್ಮ ಆಸೆಯಿಂದ. ಬೇಕಾಗಿದ್ದದ್ದು ಒಂದು ಕಟ್ಟು ಕೊತ್ತಂಬರಿ ಸೊಪ್ಪು. "ಇನ್ನೂ 120 ರೂ. ಸೇರಿಸಿದರೆ ಡೆಲಿವರಿ ಉಚಿತ" ಎಂಬ ಸಾಲು ಕಂಡ ಕೂಡಲೇ ಬಿಸ್ಕತ್ತು, ಚಿಪ್ಸ್ ಬುಟ್ಟಿಗೆ ಬೀಳುತ್ತವೆ. 30 ರೂ. ಉಳಿಸಲು ಹೋಗಿ 120 ರೂ. ಕಳೆದುಕೊಳ್ಳುತ್ತೇವೆ. ಇತ್ತ ಬೀದಿಯ ಅಂಗಡಿಯ ಕಾಕನಿಗೆ ಫೋನ್ ಮಾಡಿದರೆ ಹುಡುಗನ ಕೈಯಲ್ಲಿ ಸಾಮಾನು ಕಳುಹಿಸುತ್ತಾರೆ. ಕೈಯಲ್ಲಿ ಹಣವಿಲ್ಲದ ತಿಂಗಳು ಪುಸ್ತಕದಲ್ಲಿ ಬರೆದುಕೊಳ್ಳುವವರೂ ಅವರೇ. ಆ್ಯಪ್‌ಗೆ ನಮ್ಮ ಕಷ್ಟ ಗೊತ್ತಾಗದು.

ಹಾಗಾದರೆ ಬೇಡವೇ ಬೇಡವೇ?

ಹಾಗೆನ್ನಲಾಗದು. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೋದ ಕನಿಷ್ಠ ದರ ಮೊದಲ 2 ಕಿ.ಮೀ.ಗೆ 36 ರೂ. ಹೋಗಿ ಬರಲು 72 ರೂ. ಕೈಗೂಸನ್ನೆತ್ತಿಕೊಂಡು ಅಕ್ಕಿ, ಎಣ್ಣೆ ತರುವ ತಾಯಿಗೆ 30 ರೂ.ಯ ಡೆಲಿವರಿ ಖಂಡಿತ ಲಾಭ. ಹೆರಿಗೆಯಾದ ಮನೆ, ವೃದ್ಧರು ಮಾತ್ರ ಇರುವ ಮನೆ, ರೋಗಿಯನ್ನು ಬಿಟ್ಟು ಹೊರಗೆ ಹೋಗಲಾಗದ ಮನೆ, ಇಲ್ಲೆಲ್ಲ ಇದು ಅಗತ್ಯವೇ ಹೊರತು ದುಂದುವೆಚ್ಚವಲ್ಲ.

ಇನ್ನೊಂದು ಮಾತು. ಸೊಸೆ ವಾರಕ್ಕೊಮ್ಮೆ ಊಟ ತರಿಸಿದರೆ ಮನೆಯಲ್ಲಿ ಮುಖ ಗಂಟಾಗುತ್ತದೆ. ಆದರೆ ಆಕೆ ಮುಂಜಾವಿನಿಂದ ರಾತ್ರಿಯವರೆಗೆ ಒಲೆಯ ಮುಂದೆ ಕಳೆಯುವ ಹೊತ್ತಿಗೆ ಯಾರಾದರೂ ಬೆಲೆ ಕಟ್ಟಿದ್ದಾರೆಯೇ? 150 ರೂ. ಹೆಚ್ಚು ಎನ್ನುವವರು ಆ ಸಂಜೆ ದಾರಿಯಲ್ಲೇ ಇರುವ ಹೋಟೆಲಿನಿಂದ ತಾವೇ ಊಟ ತಂದುಕೊಡಬಹುದಲ್ಲ! ಆಗ ಹಣವೂ ಉಳಿಯುತ್ತದೆ, ಆಕೆಗೆ ವಿಶ್ರಾಂತಿಯೂ ಸಿಗುತ್ತದೆ.

ಕೆಲವು ಕಿವಿಮಾತುಗಳು

* ಪಟ್ಟಿ ಬರೆದುಕೊಂಡ ಮೇಲೆಯೇ ಆ್ಯಪ್ ತೆರೆಯಿರಿ. ವಾರದ ಸಾಮಾನನ್ನು ಒಮ್ಮೆಗೇ ತರಿಸಿ.
* ಮಾಂಸ ಅಥವಾ ಮಾಂಸದ ಅಡುಗೆ ತರಿಸುವಾಗ ಹಲಾಲ್ ಎಂಬುದನ್ನು ಹೋಟೆಲಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.
* ಹಣ ಕೊಡುವ ಮೊದಲು ಬಿಲ್ಲಿನ ಪ್ರತಿ ಸಾಲನ್ನೂ ಓದಿ. ನೀವು ಆರಿಸದ ವಸ್ತುವನ್ನು ಅಥವಾ ದೇಣಿಗೆಯನ್ನು ಬುಟ್ಟಿಗೆ ಸೇರಿಸುವುದನ್ನು 2023ರ ನವೆಂಬರ್‌ನಲ್ಲಿ ಬಂದ ಕೇಂದ್ರ ಸರಕಾರದ ಮಾರ್ಗಸೂಚಿ ನಿಷೇಧಿಸಿದೆ. ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಬಾಗಿಲಲ್ಲಿ ನಿಂತವನು

ಕೊನೆಯದಾಗಿ, ಊಟ ತಂದ ಹುಡುಗನನ್ನು ಮರೆಯದಿರೋಣ. ಅವನೂ ಯಾವುದೋ ತಾಯಿಯ ಮಗ. ಇಂತಹವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ ಸರಕಾರ 2025ರಲ್ಲಿ ಕಾನೂನನ್ನೇ ತಂದಿದೆ. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಕೊಡುವ ಸಂಭಾವನೆಯ 1ರಿಂದ 5 ಶೇಕಡಾದಷ್ಟು ಹಣವನ್ನು ಕಂಪೆನಿಗಳು ಕ್ಷೇಮನಿಧಿಗೆ ಕಟ್ಟಬೇಕೆಂಬುದು ಅದರ ನಿಯಮ. ಕಾನೂನು ತನ್ನ ಕೆಲಸ ಮಾಡಲಿ. ನಾವು ಮಾಡಬಹುದಾದದ್ದೂ ಇದೆ. ಮಳೆಯಲ್ಲಿ ಹತ್ತು ನಿಮಿಷ ತಡವಾದರೆ ಗದರದಿರೋಣ. ರಮಝಾನಿನ ಸಂಜೆ ಇಫ್ತಾರಿನ ಹೊತ್ತಿಗೆ ಬಾಗಿಲು ತಟ್ಟಿದವನು ಸ್ವತಃ ಉಪವಾಸಿಗನಿರಬಹುದು. ಎರಡು ಖರ್ಜೂರ, ಒಂದು ಲೋಟ ನೀರು ಅವನ ಕೈಗಿಡೋಣ. ಅದಕ್ಕೆ ಯಾವ ಬಿಲ್ಲಿನಲ್ಲೂ ಶುಲ್ಕವಿಲ್ಲ.