ಹಳೆಯ ಸ್ಮೃತಿ ಚಿಪ್‌ಗಳ ನಕಲು

1980ರ ಸುಮಾರಿನ ಯಾವುದಾದರೊಂದು ಅಳತೆಯ ಉಪಕರಣವನ್ನೋ ಲೇತಿನ ನಿಯಂತ್ರಕವನ್ನೋ ಬಿಚ್ಚಿ ನೋಡಿದವರು, ಅದರೊಳಗಿನ ಹಲಗೆಯ ಮೇಲೆ ಚೀಟಿ ಅಂಟಿಸಿದ ಒಂದೆರಡು ಚಿಪ್‌ಗಳನ್ನು ಕಂಡಿರಬಹುದು. ಚೀಟಿಯನ್ನು ಕಿತ್ತರೆ ಅಡಿಯಲ್ಲೊಂದು ಪುಟ್ಟ ಕಿಟಕಿಯೂ, ಅದರೊಳಗೆ ಮಿನುಗುವ ಸಿಲಿಕಾನ್ ತುಣುಕೂ ಕಾಣುವುವು. ಕಿತ್ತ ಚೀಟಿಯನ್ನು ಒಡನೆಯೇ ಮತ್ತೆ ಅಂಟಿಸುವುದು ಲೇಸು. ಕಾರಣ ಮುಂದೆ ತಿಳಿಯುವುದು.

ಈ ಚಿಪ್ಪಿನ ಹೆಸರು ಈಪ್ರಾಮ್. ಇಂಟೆಲ್ ಸಂಸ್ಥೆಯ ಡೋವ್ ಫ್ರೋಮನ್ ಇದನ್ನು ನಿರ್ಮಿಸಿದರು. 1971ರಲ್ಲಿ ಹೊರಬಂದ ಮೊದಲನೆಯ ಚಿಪ್ಪಾದ 1702ರಲ್ಲಿ ಹಿಡಿಯುತ್ತಿದ್ದುದು 256 ಬೈಟುಗಳು ಮಾತ್ರ. ನಾವು ಅದರ ಮುಂದಿನ ಪೀಳಿಗೆಯ, 2048 ಬೈಟುಗಳ 2716ನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಒಂದೊಂದು ಟ್ರಾನ್ಸಿಸ್ಟರಿನಲ್ಲಿಯೂ ಸುತ್ತಲೂ ಅವಾಹಕದಿಂದ ಆವೃತವಾದ, ದ್ವೀಪದಂತಹ ಒಂದು ದ್ವಾರವಿದೆ. 25 ವೋಲ್ಟುಗಳ ಒತ್ತಡ ಕೊಟ್ಟಾಗ ಇಲೆಕ್ಟ್ರಾನುಗಳು ಅವಾಹಕವನ್ನು ಹಾರಿ ಆ ದ್ವೀಪವನ್ನು ಸೇರಿ ಅಲ್ಲಿಯೇ ಸೆರೆಯಾಗುತ್ತವೆ. ಆವೇಶ ತುಂಬಿದ ಕೋಶ ‘0’ ಎಂದೂ, ಬರಿದಾದುದು ‘1’ ಎಂದೂ ಓದಲ್ಪಡುತ್ತದೆ.

253.7 ನ್ಯಾನೋಮೀಟರು ತರಂಗದೂರದ ನೀಲಲೋಹಿತಾತೀತ ಕಿರಣವನ್ನು ಕಿಟಕಿಯ ಮೂಲಕ ಇಪ್ಪತ್ತು ನಿಮಿಷ ಬೀರಿದರೆ ಸೆರೆಯಾದ ಇಲೆಕ್ಟ್ರಾನುಗಳು ಬಿಡುಗಡೆಯಾಗಿ ಚಿಪ್ ಬರಿದಾಗುವುದು. ಕಿಟಕಿಯನ್ನು ಸಾಮಾನ್ಯ ಗಾಜಿನಿಂದ ಮಾಡದೆ ಸ್ಫಟಿಕಶಿಲೆಯಿಂದ ಮಾಡಿರುವುದು ಈ ಕಿರಣಕ್ಕೆ ದಾರಿ ಕೊಡಲೆಂದೇ. ನೇರ ಬಿಸಿಲೂ ಸುಮಾರು ಒಂದು ವಾರದಲ್ಲಿ ಇದೇ ಕೆಲಸ ಮಾಡಬಲ್ಲುದು. ಚೀಟಿಯ ಮರ್ಮ ಇದೇ.

ಆದರೆ ಬೆಳಕು ತಾಗದಿದ್ದರೂ ಆವೇಶ ಶಾಶ್ವತವಲ್ಲ. ದಶಕಗಳು ಕಳೆದಂತೆ ಅದು ಹನಿಹನಿಯಾಗಿ ಸೋರುತ್ತದೆ. ಒಂದೇ ಒಂದು ‘0’ ಜಾರಿ ‘1’ ಆದರೂ ಸಾಕು, ಯಂತ್ರ ನಡುವೆಯೇ ನಿಂತುಬಿಡಬಹುದು. ತಯಾರಿಸಿದ ಸಂಸ್ಥೆಯೇ ಮುಚ್ಚಿಹೋಗಿದ್ದರೆ ಆ ಆದೇಶಗಳ ಪ್ರತಿ ಬೇರೆಲ್ಲಿಯೂ ಸಿಗದೆ ಹೋಗಬಹುದು. ಆದಕಾರಣ ಚಿಪ್ ಮರೆಯುವ ಮೊದಲೇ ಅದನ್ನು ನಕಲು ಮಾಡಿಕೊಳ್ಳಬೇಕು.

ಇದಕ್ಕೆ ಹಳೆಯ ಪ್ರೋಗ್ರಾಮರ್ ಯಂತ್ರವೇ ಏಕೆ ಬೇಕು? 2716ನ್ನು ಓದಲು 5 ವೋಲ್ಟು ಸಾಕು. ಇಂದಿನ ಅಗ್ಗದ ಯಂತ್ರಗಳೂ ಅದನ್ನು ಓದಿಯಾವು. ತೊಡಕಿರುವುದು ಬರೆಯುವುದರಲ್ಲಿ. 2716ಕ್ಕೆ 25, ಮೊದಲಿನ 2764ಕ್ಕೆ 21, ಅನಂತರದವಕ್ಕೆ 12.5 ವೋಲ್ಟು ಬೇಕು. ಅಗ್ಗದ ಯಂತ್ರಗಳಲ್ಲಿ ಹಲವು 25ನ್ನು ಮುಟ್ಟಲಾರವು. ಇನ್ನೂ ಹಳೆಯದಾದ 2708ಕ್ಕಂತೂ ಓದುವುದಕ್ಕೇ +5, −5, +12 ಎಂಬ ಮೂರು ಒತ್ತಡಗಳು ಬೇಕು. ಡೇಟಾ ಐ/ಓ ಸಂಸ್ಥೆಯ 29ಬಿ ಯಂತಹ ಯಂತ್ರಗಳು ಈ ಚಿಪ್‌ಗಳ ಕಾಲದವೇ ಆದುದರಿಂದ ಅವುಗಳ ರೀತಿನೀತಿಗಳನ್ನೆಲ್ಲ ಬಲ್ಲವು. ಸೀರಿಯಲ್ ತಂತಿಯ ಮೂಲಕ ಇಂದಿನ ಗಣಕಯಂತ್ರಕ್ಕೂ ಮಾಹಿತಿ ಕಳುಹಿಸುತ್ತವೆ.

ಕೆಲಸದ ಕ್ರಮ ಸರಳ, ಎಚ್ಚರ ಮಾತ್ರ ಹೆಚ್ಚು. ಚಿಪ್ಪಿನ ಮೇಲಿನ ಸಂಖ್ಯೆಯನ್ನೂ ಅದು ಕುಳಿತ ದಿಕ್ಕನ್ನೂ ಗುರುತುಮಾಡಿಕೊಂಡು, ಮೈಯ ಸ್ಥಿರವಿದ್ಯುತ್ತನ್ನು ಭೂಮಿಗೆ ಹರಿಸಿ, ಚಿಪ್ಪನ್ನು ಮೆಲ್ಲನೆ ಕೀಳಬೇಕು. ಯಂತ್ರದಲ್ಲಿ ಅದರ ಮಾದರಿಯನ್ನು ಆರಿಸಿ ಎರಡು ಮೂರು ಬಾರಿ ಓದಿ, ಪ್ರತಿಗಳನ್ನು ಹೋಲಿಸಬೇಕು. ಅಪ್ಪಿತಪ್ಪಿ ‘ಬರೆ’ ಎಂಬ ಗುಂಡಿಯನ್ನು ಒತ್ತಿದರೆ ಮೂಲವೇ ಕೆಡಬಹುದು!

ಒಮ್ಮೆ ಓದಿದಂತೆ ಇನ್ನೊಮ್ಮೆ ಬಾರದಿದ್ದರೆ ಎದೆಗುಂದಬೇಕಾಗಿಲ್ಲ. ಓದುವಾಗ ಕೋಶದ ಮೇಲಿನ ದ್ವಾರಕ್ಕೆ ತಾಗುವ ಒತ್ತಡ ಚಿಪ್ಪಿಗೆ ಕೊಡುವ ಒತ್ತಡವನ್ನೇ ಅನುಸರಿಸುತ್ತದೆ. ಅರ್ಧ ಸೋರಿದ ಆವೇಶ 5 ವೋಲ್ಟನ್ನು ತಡೆಯಲಾರದೆ ಸೋತರೂ 4.5 ವೋಲ್ಟನ್ನು ತಡೆದೀತು. ಆದುದರಿಂದ ಒತ್ತಡವನ್ನು ಕೊಂಚ ಇಳಿಸಿ ಓದಿದರೆ ಕಳೆದುಹೋದಂತಿದ್ದ ‘0’ ಹಲವು ಸಲ ಮರಳಿ ಕಾಣಿಸಿಕೊಳ್ಳುತ್ತದೆ. ನಮ್ಮ ಮಟ್ಟಿಗೆ ಈ ವಿದ್ಯೆಯಲ್ಲಿ ಇದಕ್ಕಿಂತ ಸೊಗಸಾದ ಉಪಾಯ ಇನ್ನೊಂದಿಲ್ಲ.

ಪ್ರತಿ ಸರಿಯೆಂದು ಖಚಿತವಾದ ಬಳಿಕ, ಬರಿದಾದ ಇನ್ನೊಂದು 2716ಕ್ಕೆ ಅದನ್ನು ಬರೆಯಬಹುದು. ಒಂದು ಬೈಟಿಗೆ 50 ಮಿಲಿಸೆಕೆಂಡಿನಂತೆ ಇಡೀ ಚಿಪ್ಪಿಗೆ ನೂರು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಹಿಡಿಯುವುದು. ನಕಲು ಯಂತ್ರಕ್ಕೆ, ಮೂಲ ಪೆಟ್ಟಿಗೆಗೆ.

ಇಲ್ಲಿ ಒಂದು ತಮಾಷೆಯುಂಟು. ಆ ಕಾಲದ ಅನೇಕ ಪ್ರೋಗ್ರಾಮರ್‌ಗಳನ್ನು ನಡೆಸುವ ಆದೇಶಗಳು ಕೂಡ ಇಂತಹ ಈಪ್ರಾಮ್‌ಗಳಲ್ಲಿಯೇ ಇವೆ. ಅವುಗಳನ್ನು ಕಿತ್ತರೆ ಯಂತ್ರ ನಡೆಯದು; ಆದಕಾರಣ ಅವುಗಳ ನಕಲಿಗೆ ಮತ್ತೊಂದು ಪ್ರೋಗ್ರಾಮರನ್ನೇ ಹುಡುಕಬೇಕು.